ಆತ್ಯಾ ಎಳೆಯದ ದಾರ

“ಅವರು ಬೀಳೂದು ಯಾವ ಜಾಗಾದಾಗ್ರಿ?”

ರೇಡಿಯೋ ರಿಪೇರಿ ಅಂಗಡಿಯವನು ತಲೆ ಎತ್ತದೆ ಕೇಳಿದ. ಸುಗಂಧಾಳಿಗೆ ಮೈಯೆಲ್ಲ ಉರಿದುಹೋಯಿತು.

“ನಾ ಒಂದ್ ಬೆಲ್ ಕೇಳಾಕ ಬಂದೀನಿ. ನೀವು ಪೊಲೀಸರ ಗತೆ ಕೇಳಾಕತ್ತೀರಿ.”

“ಜಾಗಾ ಗೊತ್ತಾಗದ ಬೆಲ್ ಎಲ್ಲಿ ಹಾಕ್ಲಿ, ಬಾಯಾರ?” ಎನ್ನುತ್ತ ತಲೆ ಎತ್ತಿದವನು ಅವಳ ಕೆಂಪು ಕಣ್ಣು ನೋಡಿ ದನಿ ತಗ್ಗಿಸಿದ. “ಮೊದಲ ಕೂಡ್ರಿ.”

ಕೂಡ್ರಿ... ಆ ಮಾತನ್ನು ಅವಳಿಗೆ ಯಾರಾದರೂ ಹೇಳಿ ಎಷ್ಟು ದಿನವಾಗಿತ್ತು? ಸುಗಂಧಾ ಕೂತಳು. ಕೂತ ಮೇಲೆ ಏಳುವ ಮನಸ್ಸೇ ಆಗಲಿಲ್ಲ.

ಇದು ಎಂಬತ್ತೆಂಟನೇ ಇಸವಿಯ ಮಾತು. ಬೇಡಕಿಹಾಳದ ಕನ್ನಡ ಶಾಲೆಯಲ್ಲಿ ಸುಗಂಧಾ ಮಾಸ್ತರಿಕೆ ಮಾಡುತ್ತಿದ್ದಳು. ವಯಸ್ಸು ಇಪ್ಪತ್ತೊಂಬತ್ತು. ತಂದೆತಾಯಿ ಹೋದ ಮೇಲೆ ಅವಳನ್ನು ಸಾಕಿದವಳು ತಂದೆಯ ಅಕ್ಕ ತಾರಾಬಾಯಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅವಳ ಪಾಲಿನ ಆತ್ಯಾ. ಈಗ ಎಪ್ಪತ್ತೆರಡಾಗಿ, ಎಡಗಾಲು ಮಾತು ಕೇಳುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಮೂರು ಸಲ ಬಿದ್ದಿದ್ದಳು. ಪಕ್ಕದ ಮನೆಯ ರುಕ್ಮವ್ವ ಬೆಳಗಾದರೆ ತಂಬಾಕಿನ ಹೊಲಕ್ಕೆ ಹೋಗುವವಳು. ಆತ್ಯಾ ಕರೆದರೆ ಕೇಳುವವರಿಲ್ಲ. ಇನ್ನೊಂದು ಸಲ ಬಿದ್ದರೆ ಶಾಲೆ ಬಿಡುವುದೇ ಸೈ ಎಂದು ಸುಗಂಧಾ ತೀರ್ಮಾನಿಸಿದ್ದಳು.

“ಕೈಗಂಟಿ ಕೊಟ್ಟ ನೋಡ್ಲೇನ? ಇಲ್ಲಾ ಸೀಟಿ?” ಎಂದಳು.

“ಗಂಟಿ ಜಾರಿ ಉರಳಿದ್ರ ಮುಗೀತು. ಸೀಟಿ ಊದಾಕ ಉಸರ ಬೇಕು.”

“ಕರೆಂಟಿನ ಬೆಲ್?”

“ಕರೆಂಟ್ ನಮ್ಮೂರಾಗ ಬೀಗರಿದ್ದಂಗ್ರಿ. ಬಂದಾಗ ಬಂತು, ಹೋದಾಗ ಹೋತು. ಟಾರ್ಚಿನ ಸೆಲ್ ಮ್ಯಾಲ ನಡಿಯೂ ಬೆಲ್ ಮಾಡಿ ಕೊಡ್ತೀನಿ. ಮನಿಯಿಂದ ಸಾಲಿಗೆ ವೈರ್ ಎಳಿಯೂಣು. ಗ್ವಾಡಿಗೆ ಗುಂಡಿ ಮಾತ್ರ ಬ್ಯಾಡ. ಬಿದ್ದಾವರು ಎದ್ದು ಗುಂಡಿ ಹೆಂಗ ಒತ್ತತಾರ? ನೆಲದ ತನಕಾ ದಾರ ಬಿಡೂಣು.”

ಹೌದಲ್ಲ! ನಾಲ್ಕು ತಿಂಗಳಿಂದ ತಲೆ ಕೆಡಿಸಿಕೊಂಡರೂ ಇದು ಅವಳಿಗೆ ಹೊಳೆದಿರಲಿಲ್ಲ.

“ನಿಮಗ ಹೆಂಗ ಹೊಳೀತು?”

“ನಮ್ಮವ್ವಗ ಗ್ವಾಡಿಗೇ ಹಾಕಿದ್ದೆ,” ಎಂದಷ್ಟೇ ಹೇಳಿ ಅವನು ವೈರ್ ಹುಡುಕತೊಡಗಿದ. ಅವನ ಹೆಸರು ಬಾಹುಬಲಿ. ಹೆಸರಿಗೆ ತಕ್ಕ ತೋಳಂತೂ ಇರಲಿಲ್ಲ, ಕಡ್ಡಿಯಂಥ ಮನುಷ್ಯ.

ಮನೆಗೂ ಶಾಲೆಗೂ ನಡುವೆ ಒಂದೇ ಓಣಿ. ಭಾನುವಾರ ವೈರ್ ಎಳೆದು, ಬೆಲ್ಲನ್ನು ಸುಗಂಧಾಳ ತರಗತಿಯ ಬಾಗಿಲಿಗೆ ಕೂಡಿಸಿ, ಬಚ್ಚಲಿಗೊಂದು, ಪಡಸಾಲೆಗೊಂದು, ಅಡುಗೆಮನೆಗೊಂದು ದಾರ ಇಳಿಬಿಟ್ಟ. ಆತ್ಯಾಳ ಮುಂದೆ ಕೂತು ಹೇಳಿಕೊಟ್ಟ.

“ಅಜ್ಜಿ, ಇದು ನಿಮ್ಮ ದನಿ ಅಂತ ತಿಳ್ಕೋರಿ. ಇಲ್ಲಿ ಜಗ್ಗಿದ್ರ ಸಾಲ್ಯಾಗ ಕೂಗಿದಂಗ.”

ಅಂದಿನಿಂದ ಪ್ರತಿ ಸೋಮವಾರ ಅವನು ಸೆಲ್ ನೋಡಲು ಬಂದ. ವಾರಕ್ಕೊಮ್ಮೆ ನೋಡುವಂಥದ್ದು ಅದರಲ್ಲಿ ಏನೂ ಇಲ್ಲವೆಂದು ಸುಗಂಧಾಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು.

“ಆ ಸೆಲ್ಲಿಗೆ ಏನ ಜಡ್ಡ ಐತ್ಯೋ ಏನೋ, ವಾರಾ ವಾರಾ ಡಾಕ್ಟರ್ ಬರ್ತಾನ,” ಎಂದು ಆತ್ಯಾ ಕಾಡಿದರೆ ಸುಗಂಧಾ ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಸೋಮವಾರ ಬರಲಿ ಅನ್ನಿಸುತ್ತಿತ್ತು.

ಮೂರನೇ ತಿಂಗಳು, ಒಂದು ಚತುರ್ದಶಿ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ; ಚತುರ್ದಶಿಯೆಂದರೆ ಆತ್ಯಾಳಿಗೆ ಉಪವಾಸ, ಮೌನ. ಚತುರ್ದಶಿಯ ದಿನ ಆಕೆ ಬಾಯಿ ಬಿಟ್ಟು ನಲವತ್ತು ವರ್ಷವಾಗಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಸುಗಂಧಾ ಮನೆಗೆ ಬಂದರೆ... ಆತ್ಯಾ ಬಚ್ಚಲಲ್ಲಿ ಬಿದ್ದಿದ್ದಾಳೆ. ಹಣೆಯ ರಕ್ತ ಒಣಗಿಹೋಗಿದೆ. ದಾರ ಕೈಯ ಪಕ್ಕದಲ್ಲೇ ಇದೆ.

ಶಾಲೆಯಲ್ಲಿ ಬೆಲ್ ಸದ್ದು ಮಾಡಿರಲೇ ಇಲ್ಲ.

ಡಾಕ್ಟರು ಬಂದು ಪಟ್ಟಿ ಕಟ್ಟಿ, ಬಿದ್ದು ಎರಡು ತಾಸಾದರೂ ಆಗಿರಬೇಕು ಎಂದು ಹೇಳಿ ಹೋದರು. ಸುದ್ದಿ ಕೇಳಿ ಓಡಿಬಂದ ಬಾಹುಬಲಿಯನ್ನು ಸುಗಂಧಾ ಬಾಗಿಲಲ್ಲೇ ತಡೆದಳು. ಓಣಿಯ ಮಂದಿಯೆಲ್ಲ ನೋಡುತ್ತಿದ್ದರು.

“ಎರಡ ತಾಸ! ಎರಡ ತಾಸ ಹಸಿ ಕಲ್ಲಿನ ಮ್ಯಾಲ ಬಿದ್ದಿದ್ಲು. ನಿಮ್ಮ ಬೆಲ್ ನಂಬಿ ನಾ ಮಗ್ಗಿ ಹೇಳ್ಕೊಡಾಕತ್ತಿದ್ನಿ.”

ಅವನು ಅವಳನ್ನು ದಾಟಿ ಒಳಗೆ ಹೋಗಿ ವೈರಿಗೆ ಒಂದು ಪುಟ್ಟ ಬಲ್ಬ್ ಜೋಡಿಸಿ ದಾರ ಜಗ್ಗಿದ. ಬಲ್ಬ್ ಹತ್ತಿತು. ಏನೂ ಕೆಟ್ಟಿರಲಿಲ್ಲ. ತಿರುಗಿ ನೋಡಿದರೆ ಹಾಸಿಗೆಯ ಮೇಲೆ ಆತ್ಯಾ ಅವನಿಗೆ ಕೈ ಮುಗಿದಿದ್ದಳು. ಬ್ಯಾಡ, ಹೇಳಬ್ಯಾಡ ಎಂದು ತಲೆ ಅಲ್ಲಾಡಿಸಿದಳು.

ಬಾಹುಬಲಿ ಹೊರಗೆ ಬಂದ. “ವೈರ್ ಸಡಲ ಆಗಿತ್ರಿ. ತಪ್ಪ ನಂದ.”

“ಇನ್ನ ಈ ಮನಿ ಮೆಟ್ಟಲಾ ತುಳೀಬ್ಯಾಡ್ರಿ,” ಎಂದಳು ಸುಗಂಧಾ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅವನು ಹೋದವನು ಮತ್ತೆ ಬರಲಿಲ್ಲ.

ರಜೆ ಹಾಕಿ ಮನೆಯಲ್ಲಿ ಕೂತಳು. ಆತ್ಯಾ ಎದ್ದರೆ ಇವಳೂ ಏಳಬೇಕು, ಕೆಮ್ಮಿದರೆ ಓಡಬೇಕು. ತಲೆ ಬಾಚಿಕೊಳ್ಳಲೂ ಬೇಸರ. ಸೋಮವಾರ ಬಂದರೆ ಮಾತ್ರ ಕಣ್ಣು ತಾನಾಗಿ ಬಾಗಿಲಿಗೆ ಹೋಗುತ್ತಿತ್ತು. ಥೂ, ನನಗೇನಾಗಿದೆ? ಆತ್ಯಾಳನ್ನು ಸಾವಿನ ಬಾಯಿಗೆ ಕೊಟ್ಟವನ ದಾರಿ ಕಾಯುತ್ತೀನಲ್ಲ...

ಮುಂದಿನ ತಿಂಗಳು, ಅದೂ ಚತುರ್ದಶಿಯೇ. ಸುಗಂಧಾ ಪಡಸಾಲೆಯಲ್ಲಿ ಕೂತು ಕೆಲಸಕ್ಕೆ ರಾಜೀನಾಮೆ ಬರೆಯುತ್ತಿದ್ದಳು.

“ಹರದ ಒಗಿ ಅದನ್ನ.”

ಸುಗಂಧಾಳ ಕೈಯಿಂದ ಪೆನ್ನು ಬಿತ್ತು. “ಆತ್ಯಾ... ಇವತ್ತ ಚತುರ್ದಶಿ. ನೀ ಮಾತಾಡಾಕತ್ತಿ.”

“ಗೊತ್ತೈತಿ. ಬೆಲ್ ಕೆಟ್ಟಿರಲಿಲ್ಲ ಮಗಳ. ನಾನ ಜಗ್ಗಲಿಲ್ಲ. ಇದು ನಿಮ್ಮ ದನಿ ಅಂತ ಆ ಹುಡುಗ ಹೇಳಿದ್ದ. ಮೌನದ ದಿನಾ ದನಿ ಹೆಂಗ ಮಾಡ್ಲಿ? ನಿನಗ ತಿಳದ್ರ ವ್ರತಾ ಬಿಡಸ್ತಿ ಅಂತ ಹೆದರಿ ಅವನ ಮುಂದ ಕೈ ಮುಗದೆ. ಅವಾ ನನ್ನ ಸಲವಾಗಿ ಸುಳ್ಳ ಹೇಳಿ ಬೈಸ್ಕೊಂಡ. ನನ್ನ ವ್ರತಾ ಉಳೀತು, ನಿನ್ನ ಬಾಳೇ ಹಾಳಾಗಾಕತ್ತೈತಿ.” ಆತ್ಯಾಳ ಗಲ್ಲ ಒದ್ದೆಯಾಗಿತ್ತು. “ರುಕ್ಮವ್ವ ಇವತ್ತ ಮನ್ಯಾಗ ಅದಾಳ. ಆಕಿನ್ನ ಕರದು ನೀ ಹೋಗು.”

ಮೌನ ಬಂಗಾರ ಅನ್ನುತ್ತಾರೆ, ನಿಜ. ಬಂಗಾರದ ಸೂಜಿಯೆಂದು ಕಣ್ಣು ಚುಚ್ಚಿಕೊಳ್ಳುವುದುಂಟೇ? ಸುಗಂಧಾಳಿಗೆ ಆತ್ಯಾಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಆಕೆಯನ್ನು ತಬ್ಬಿಕೊಂಡು ಅತ್ತು, ಪೇಟೆಗೆ ನಡೆದಳು.

ಬಾಹುಬಲಿ ಒಂದು ರೇಡಿಯೋ ಬಿಚ್ಚಿಕೊಂಡು ಕೂತಿದ್ದ.

“ಬೆಲ್ ಕೆಟ್ಟಿರಲಿಲ್ಲ,” ಎಂದಳು.

“ಹೌದ್ರಿ.”

“ಓಣಿ ಮಂದಿ ಮುಂದ ಅಷ್ಟ ಬೈದೆ. ಖರೇ ಹೇಳಬಾರದಿತ್ತೇನ?”

“ನನ್ನ ಮ್ಯಾಲ ಸಿಟ್ಟಾದ್ರ ನಿಮಗ ನಡೀತಿತ್ತು. ಅವರ ಮ್ಯಾಲ ಸಿಟ್ಟಾಗಿ ಆ ಮನ್ಯಾಗ ಹೆಂಗ ಇರ್ತಿದ್ರಿ?”

ಸುಗಂಧಾ ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ನಂದ ತಪ್ಪಾತು. ಭಾಳ ದಣದೀನಿ, ಬಾಹುಬಲಿ.”

ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟ.

“ಚತುರ್ದಶಿಗೆ ಬೆಲ್ ನಡಿಯೂದಿಲ್ರಿ. ಮನ್ಯಾಗ ಮನಿಷ್ಯಾ ಬೇಕು. ನನ್ನ ಅಂಗಡಿಗೆ ಒಂದ್ ಟೇಬಲ್, ಒಂದ್ ಕಿಡಕಿ ಇದ್ರ ಸಾಕು. ನಿಮ್ಮ ಪಡಸಾಲ್ಯಾಗ ಎರಡೂ ಅದಾವ.”

“ಲಗ್ನಾ ಆಗಲಾರದ ಹೆಣ್ಣಮಗಳ ಮನಿ. ಮಂದಿ ಏನಂತಾರ?”

“ಲಗ್ನಾ ಆಗಿನ ಬರ್ತೀನ್ರಿ,” ಎಂದ ಬಾಹುಬಲಿ. “ನೀವು ಹೂಂ ಅಂದ್ರ. ಮೂರ ತಿಂಗಳಿಂದ ಕೇಳಬೇಕಂತಿದ್ದೆ. ಸೋಮವಾರ ಬಂದ್ರ ಬರೇ ಸೆಲ್ ನೋಡಿ ಹೊಳ್ಳತಿದ್ದೆ.”

ಸುಗಂಧಾಳ ಮೈಯ ದಣಿವೆಲ್ಲ ಒಮ್ಮೆಲೇ ಕಣ್ಣ ರೆಪ್ಪೆಗೆ ಬಂದು ಕೂತಂತಿತ್ತು.

“ಲಗ್ನಾ ಆದ ಮರದಿನಾ ನಾ ಮಲ್ಕೊಂಡ್ರ ಎರಡ ದಿನಾ ಏಳೂದಿಲ್ಲ. ನಡೀತೈತೇನ?”

“ಏಳಬ್ಯಾಡ್ರಿ. ಹೊತ್ತ ಮುಳಗೂದ್ರಾಗ ಅಜ್ಜಿಗೆ ನಾ ಊಟಾ ಹಾಕ್ತೀನಿ.”

“ಹೂಂ,” ಎಂದಳು ಸುಗಂಧಾ.