ತಗಡಿನ ಆಚೆ ಬದಿ

"ಹಾಟ್ ರಾಡ್ ಅಂದ್ರ ನೀರು ಕಾಸೋ ರಾಡ್ ಏನ್ರಿ? ಅದಕ್ಯಾಕ ಇಷ್ಟು ದೊಡ್ಡ ಗಾಡಿ ಎಳಕೊಂಡು ಬಂದೀರಿ?"

ಪಾರವ್ವ ತಮಾಷೆಗೆ ಕೇಳಿದ್ದಲ್ಲ. ಪುಣೆಯ ಕೊಂಢವಾ ಬಡಾವಣೆಯ ಆ ಗಲ್ಲಿಯಲ್ಲಿ ರಾಡ್ ಎಂದರೆ ಚಳಿಗಾಲದಲ್ಲಿ ಬಕೆಟ್ಟಿಗೆ ಇಳಿಬಿಡುವುದು, ಅಷ್ಟೇ. ಗೇಟಿನ ಹೊರಗೆ ನಿಂತಿದ್ದ ಹುಡುಗ ನಗು ನುಂಗಿಕೊಂಡು, ಟೆಂಪೋಗೆ ಹಗ್ಗ ಬಿಗಿದು ತಂದಿದ್ದ ಹಳೇ ಕಾರಿನ ಕಡೆ ಕೈ ಮಾಡಿದ. ಕಾರಿಗೆ ಬಾನೆಟ್ ಇರಲಿಲ್ಲ, ಮುಂದಿನ ಮಡ್‌ಗಾರ್ಡುಗಳು ಇರಲಿಲ್ಲ, ಮಾನ ಮರ್ಯಾದೆ ಒಂದೂ ಇರಲಿಲ್ಲ.

"ಅದಲ್ಲ ಅಮ್ಮ. ಹಳೇ ಕಾರು ಕತ್ತರಿಸಿ ಹೊಸ ರೂಪ ಕೊಡ್ತಾರಲ್ಲ, ಅದಕ್ಕೆ ಅಮೆರಿಕದಲ್ಲಿ ಹಾಟ್ ರಾಡ್ ಅಂತ ಹೇಳುದು. ತಗಡಿನ ಕೆಲಸ ಇಲ್ಲಿ ಕೈಯಲ್ಲೇ ಮಾಡ್ತಾರೆ ಅಂತ ಕೇಳಿದೆ. ಮೇಸ್ತ್ರಿ ಇದ್ದಾರಾ?"

"ಮೇಸ್ತ್ರಿ ಒಳಗ ಮಲಗ್ಯಾರ. ಕೆಲಸ ಮಾಡಾಕಿ ನನ್ನ ಮಗಳು."

ರೇಣು ಗ್ಯಾರೇಜಿನಿಂದ ಹೊರಬಂದಳು. ಚೂಡಿದಾರದ ಮೇಲೆ ಅಪ್ಪನ ಹಳೇ ಅಂಗಿ, ಕಿವಿಯಲ್ಲಿ ಹತ್ತಿ. ಇಂಥ ಹೊತ್ತಿನಲ್ಲಿ ಗಿರಾಕಿಗಳ ಮುಖ ಹೇಗಾಗುತ್ತದೆ ಎಂದು ಅವಳಿಗೆ ಬಾಯಿಪಾಠವಾಗಿತ್ತು. ಈ ಹುಡುಗನ ಮುಖ ಮಾತ್ರ ಏನೂ ಆಗಲಿಲ್ಲ.

"ಹಾಗಾದ್ರೆ ನೀವೇ ನೋಡಿ. ಆಗ್ತದಾ ಇಲ್ವಾ, ಅಷ್ಟು ಹೇಳಿ" ಎಂದ.

ಆ ಒಂದು ಮಾತಿಗೇ ರೇಣುಗೆ ಅವನು ಅರ್ಧ ಹಿಡಿಸಿಬಿಟ್ಟ. ಉಳಿದರ್ಧಕ್ಕೆ ಅವನು ಮಾಡಿಕೊಂಡ ಫಜೀತಿಯೇ ಈ ಕಥೆ.

ಹುಡುಗನ ಹೆಸರು ಅಕ್ಷಯ. ಕಾತ್ರಜದಲ್ಲಿ ಹೈವೇ ಪಕ್ಕ, ಸಾತಾರಾ ಕಡೆಯ ಬಸ್ಸುಗಳು ನಿಲ್ಲುವಲ್ಲಿ, ಅವನ ಅಪ್ಪ ಭುಜಂಗ ಶೆಟ್ಟರ ಹೋಟೆಲು. ಕುಂದಾಪುರದ ಕಡೆಯವರು. ರೇಣುವಿನ ಅಪ್ಪ ಹೊಳಬಸಪ್ಪ ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದವರು. ಜನ ಸೂಟ್‌ಕೇಸಿಗೆ ಮರುಳಾದ ಮೇಲೆ ಟ್ರಂಕು ಬಿಟ್ಟು ಮಡ್‌ಗಾರ್ಡು ಬಡಿಯತೊಡಗಿದರು. ಚಾಕಣದ ಕಾರ್ಖಾನೆಗಳಲ್ಲಿ ಯಂತ್ರ ಒಂದೇಟಿಗೆ ಒತ್ತುವುದನ್ನು ಅವರು ಮರಳಿನ ಚೀಲದ ಮೇಲೆ ಸಾವಿರ ಏಟಿನಲ್ಲಿ ತೆಗೆಯುತ್ತಿದ್ದರು. ಹಳೇ ಗಾಡಿಯ ಹುಚ್ಚರಿಗೆ ಅದೇ ಬೇಕು. ಅವರ ಕೈ ಕೆಟ್ಟ ಮೇಲೆ ಸುತ್ತಿಗೆ ಮಗಳ ಕೈಗೆ ಬಂತು.

ಅಕ್ಷಯ ಗುರುವಾರ ಗುರುವಾರ ಬರತೊಡಗಿದ. ಆಗೆಲ್ಲ ಪುಣೆಯಲ್ಲಿ ಗುರುವಾರ ಲೈಟು ಹೋಗುವ ದಿನ. ರುಬ್ಬುವ ಯಂತ್ರ ನಿಂತರೆ ಹೋಟೆಲಿನಲ್ಲಿ ಅವನಿಗೆ ಕೆಲಸವಿಲ್ಲ; ಸುತ್ತಿಗೆಗೆ ಲೈಟಿನ ಹಂಗಿಲ್ಲ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತಂದು ಎಡಗೈಯಲ್ಲೇ ಬಗ್ಗಿಸಿ ಕೊಡುತ್ತಿದ್ದ.

"ಹೋಟೆಲಿನವರ ಮಗ ಆಗಿ ಎಡಗೈಲೆ ಬಡಸ್ತೀರಲ್ರಿ!"

"ಅದಕ್ಕೇ ಅಪ್ಪ ನನ್ನನ್ನು ಬಡಿಸ್ಲಿಕ್ಕೆ ಬಿಡದೆ ಗಲ್ಲಾದಲ್ಲಿ ಕೂರಿಸಿದ್ದು" ಎಂದು ಅವನು ನಕ್ಕ. ನಕ್ಕರೆ ಅವನಿಗೆ ಒಂದು ಕಣ್ಣು ಹೆಚ್ಚು ಚಿಕ್ಕದಾಗುತ್ತಿತ್ತು. ರೇಣು ಇದನ್ನು ಯಾಕೆ ಗಮನಿಸಿದಳೋ, ಅವಳನ್ನೇ ಕೇಳಬೇಕು.

ತಗಡಿನ ಕೆಲಸಕ್ಕೆ ಇಬ್ಬರು ಬೇಕು. ಹೊರಗಿನಿಂದ ಒಬ್ಬರು ಸುತ್ತಿಗೆಯಲ್ಲಿ ಬಡಿಯುವಾಗ, ಒಳಗಿನಿಂದ ಇನ್ನೊಬ್ಬರು ಅಂಗೈಯಷ್ಟು ದಪ್ಪ ಕಬ್ಬಿಣದ ಗಟ್ಟಿ ಹಿಡಿದು ಆಸರೆ ಕೊಡಬೇಕು. ಗ್ಯಾರೇಜಿನವರು ಅದನ್ನು ಡಾಲಿ ಎನ್ನುತ್ತಾರೆ. ನಡುವೆ ತಗಡು, ಒಬ್ಬರ ಮುಖ ಒಬ್ಬರಿಗೆ ಕಾಣದು. ಸುತ್ತಿಗೆ ಎಲ್ಲಿ ಹೋಗುತ್ತದೋ ಡಾಲಿ ಅಲ್ಲಿಗೆ ಸದ್ದು ಕೇಳಿಕೊಂಡೇ ಹೋಗಬೇಕು. ಮೊದಮೊದಲು ಅಪ್ಪ ಬಡಿದು ರೇಣು ಹಿಡಿಯುತ್ತಿದ್ದಳು. ಈಗ ಹಿಡಿಯುವವರಿಲ್ಲ.

"ಸುಮ್ನ ಕುಂತು ಕಾಫಿ ಕುಡಿಯೋದಾದ್ರ ಇದನ್ನ ಹಿಡೀರಿ" ಎಂದು ಅವಳು ಡಾಲಿಯನ್ನು ಅಕ್ಷಯನ ಕೈಗಿಟ್ಟಳು.

ಮೊದಲ ದಿನ ಅವನು ಬೆರಳು ಜಜ್ಜಿಕೊಂಡ. ಆಮೇಲೆ ಕಿವಿ ಕಲಿತ. ಮುಖ ಕಾಣದಿದ್ದರೆ ಮನುಷ್ಯರು ಸಲೀಸಾಗಿ ಮಾತಾಡುತ್ತಾರೆ. ತಗಡಿನ ಆಚೆಯಿಂದ ಅವನು ಗಿರಾಕಿಗಳ ಕಥೆ ಹೇಳುವನು, ಈಚೆಯಿಂದ ಅವಳು ಬೈಯುವಳು.

"ಎಡಕ್ಕ ಸರೀರಿ. ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕ!"

"ನಿಮ್ಮ ಎಡ ನನಗೆ ಕಾಣ್ಬೇಕಲ್ಲ ಮಾರಾಯ್ತಿ."

ಮಾರಾಯ್ತಿ! ಹಾಗಂದರೆ ಏನು ಎಂದು ಅವಳು ಕೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅದೇ ಶಬ್ದ ಬಾಯಲ್ಲಿ ಬಂದು ತಾನೇ ನಕ್ಕಳು. "ಏನಾತ?" ಎಂದಳು ಪಾರವ್ವ. "ಏನಿಲ್ಲವ್ವ, ಮೆಣಸಿನಕಾಯಿ ಹತ್ತಿತು" ಎಂದು ಮಗಳು ನೀರು ಕುಡಿದಳು. ಮೆಣಸಿನಕಾಯಿ ಹತ್ತಿದರೆ ಯಾರಾದರೂ ನಗುತ್ತಾರೆಯೇ? ಪಾರವ್ವನಿಗೆ ಅನುಮಾನ ಬಂತು. ಶೆಟ್ಟರ ಮನೆಯವರು ಮೀನು ತಿನ್ನುವ ಮಂದಿ ಎಂಬ ಚಿಂತೆಯೂ ಬಂತು.

ಬಾನೆಟ್ ಆಯಿತು, ಎಡ ಮಡ್‌ಗಾರ್ಡು ಆಯಿತು. ಬಲಗಡೆಯದು ಮುಗಿಯುತ್ತಾ ಬಂದಿತ್ತು. ಆಗೊಂದು ಗುರುವಾರ ತಗಡಿನ ಆಚೆಯಿಂದ ಅಕ್ಷಯ ಹೇಳಿದ: "ಗಾಡಿ ಮುಗಿದ ಕೂಡ್ಲೇ ನಾನು ಸೂರತ್ತಿಗೆ ಹೋಗ್ಬೇಕಂತೆ. ಅಪ್ಪ ಅಲ್ಲಿ ಹೊಸ ಹೋಟೆಲು ಹಾಕ್ತಾರೆ. ಈ ಮರುಳು ಮುಗಿಸಿ ಹೋಗು ಅಂತ ಹೇಳಿದ್ದಾರೆ."

ರೇಣುವಿನ ಸುತ್ತಿಗೆ ಒಂದು ಏಟು ತಪ್ಪಿತು. "ಚಲೋ ಆತಲ್ರಿ" ಎಂದಳು. ಚಲೋ ಏನೂ ಆಗಿರಲಿಲ್ಲ. ಅಪ್ಪನಿಗೆ ಚಹಾ ಮಾಡುವ ನೆಪದಲ್ಲಿ ಹಿಂದಿನ ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ಸುಮ್ಮನೆ ನಿಂತುಬಿಟ್ಟಳು.

ಮರುದಿನ ಬಿಸಿಲಿನಲ್ಲಿ ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸಿದಳು. ಕಣ್ಣಿಗೆ ಕಾಣದ್ದು ಅಂಗೈಗೆ ತಿಳಿಯುತ್ತದೆ. ಒಂದು ಕಡೆ ಬೇಳೆಕಾಳಿನಷ್ಟು ಉಬ್ಬು. ಅದರ ಪಕ್ಕ ಇನ್ನೊಂದು. ನಿನ್ನೆ ನಯವಾಗಿದ್ದ ಜಾಗ!

ಮನಸ್ಸು ಎಲ್ಲೋ ಇತ್ತು, ಅದಕ್ಕೇ ಆಗಿರಬೇಕು ಎಂದುಕೊಂಡು ಸರಿಮಾಡಿದಳು. ಮುಂದಿನ ಗುರುವಾರ ಮೈಯೆಲ್ಲ ಕಣ್ಣಾಗಿ ಬಡಿದಳು. ಶುಕ್ರವಾರ ನೋಡಿದರೆ ಮತ್ತೆ ಉಬ್ಬು. ಅದರ ಮುಂದಿನ ವಾರವೂ ಅದೇ ಹಾಡು. ಅವಳು ಸುತ್ತಿಗೆ ಕೆಳಗಿಟ್ಟಳು.

ಯಾಕೆಂದರೆ ಹೊಳಬಸಪ್ಪನ ಕೈ ಕೆಟ್ಟದ್ದೂ ಹೀಗೆಯೇ. ಮೊದಲು ನಡುಕವೇನೂ ಕಾಣಲಿಲ್ಲ. ನಯವಾಗಿದೆ ಎಂದು ಅವರು ಕೊಟ್ಟ ಕೆಲಸದಲ್ಲಿ ಗಿರಾಕಿಗಳು ಉಬ್ಬು ತೋರಿಸತೊಡಗಿದರು. ಆಮೇಲೆ ಸುತ್ತಿಗೆ ಜಾರಿತು. ಈಗ ಚಹಾದ ಕಪ್ಪನ್ನೂ ಎರಡು ಕೈಯಲ್ಲಿ ಹಿಡಿಯಬೇಕು. ಅದೇ ರಕ್ತ ತನ್ನದು. ಅಪ್ಪನಿಗೆ ಹೇಳಿದರೆ ಅವರು ತಮ್ಮನ್ನೇ ಹಳಿದುಕೊಂಡಾರು ಎಂದು ರೇಣು ಬಾಯಿ ಬಿಡಲಿಲ್ಲ. ಕೆಲಸವೊಂದು ಹೋದರೆ ತನ್ನ ಹತ್ತಿರ ಏನುಳಿಯಿತು ಎಂದು ಯೋಚಿಸಿದಳು.

ಗದಗಿನ ಕಿರಾಣಿ ವ್ಯಾಪಾರಿಯ ಮನೆಯಿಂದ ಒಂದು ಸಂಬಂಧ ಬಂದು ಕೂತಿತ್ತು. ಹುಡುಗ ರೋಹಿತ, ಫೋಟೋದಲ್ಲಿ ಕೆಟ್ಟವನೇನೂ ಅಲ್ಲ. ಅವರದು ಒಂದೇ ಶರತ್ತು: ಸೊಸೆ ತಗಡು ಬಡಿಯಬಾರದು. ಅದೇ ಕಾರಣಕ್ಕೆ ರೇಣು ಇಷ್ಟು ದಿನ ಇವತ್ತು ನಾಳೆ ಎಂದು ತಳ್ಳಿದ್ದಳು.

"ಅವ್ವ, ಗದಗಿನವರಿಗೆ ಹೂಂ ಅಂತ ಹೇಳಿಬಿಡು" ಎಂದಳು ಒಂದು ಬುಧವಾರ.

ಪಾರವ್ವ ಮಗಳ ಮುಖ ನೋಡಿದಳು. ಮದುವೆಗೆ ಹೂಂ ಅಂದವರ ಮುಖ ಅದಾಗಿರಲಿಲ್ಲ. "ನಾಳೆ ಮಧ್ಯಾಹ್ನ ಫೋನ್ ಮಾಡ್ತೀನಿ. ಅಲ್ಲೀತನಕ ವಿಚಾರ ಮಾಡು" ಎಂದಳು.

ಗುರುವಾರ ಅಕ್ಷಯ ಫ್ಲಾಸ್ಕು ಹಿಡಿದು ಬಂದಾಗ ರೇಣು ಸುತ್ತಿಗೆಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದಳು.

"ನಿಮ್ಮ ಗಾಡಿ ಬೇರೆ ಎಲ್ಲಾದ್ರೂ ಒಯ್ರಿ. ನನ್ನ ಕೈಲೆ ಆಗೂದಿಲ್ಲ."

"ಎಂತ ಆಯ್ತು?"

"ಕೈ ಕೆಟ್ಟದ. ಅಪ್ಪನ ಹಂಗ. ಬಡಿದಲ್ಲೆಲ್ಲ ಉಬ್ಬು ಏಳಾಕತ್ತಾವ. ಗ್ಯಾರೇಜು ಮುಚ್ಚಿ ಗದಗಿಗೆ ಹೋಗ್ತೀನಿ. ಮದುವಿ ಗೊತ್ತಾಗೂದದ."

ಅಕ್ಷಯ ಫ್ಲಾಸ್ಕನ್ನು ನೆಲಕ್ಕಿಟ್ಟ.

"ನಿಮ್ಮ ಕೈಗೆ ಏನೂ ಆಗ್ಲಿಲ್ಲ. ಆ ಉಬ್ಬು ಮಾಡಿದ್ದು ನಾನು."

"ಹ್ಞಾಂ?"

"ನೀವು ಚಹಾ ಮಾಡ್ಲಿಕ್ಕೆ ಅಡುಗೆಮನೆಗೆ ಹೋದಾಗೆಲ್ಲ ತಗಡಿನ ಒಳಗಿನಿಂದ ನಾನೇ ಹೊಡೆದೆ. ಸಣ್ಣ ಸುತ್ತಿಗೆಯಲ್ಲಿ."

ರೇಣು ಅವನನ್ನೇ ದಿಟ್ಟಿಸಿದಳು. ನಂಬಲಿಲ್ಲ. ಕನಿಕರಕ್ಕೆ ಹೇಳುತ್ತಿದ್ದಾನೆ ಎನಿಸಿ ಮೈ ಉರಿಯಿತು. "ಪಾಪ ಅನ್ನಾಕ ಬರಬ್ಯಾಡ್ರಿ. ನಿಜ ಆಗಿದ್ರ ಈಗ ಹೊಡೆದು ತೋರಸ್ರಿ."

ಅವನು ಡಬ್ಬಿಯಿಂದ ಸಣ್ಣ ಸುತ್ತಿಗೆ ತೆಗೆದುಕೊಂಡ. ಮಡ್‌ಗಾರ್ಡಿನ ಒಳಗೆ ಬಗ್ಗಿ, ಎಡಗೈಯಲ್ಲಿ ಟಕ್ ಎಂದು ಒಂದೇ ಏಟು ಕೊಟ್ಟ.

ರೇಣು ಹೊರಗಡೆ ಅಂಗೈ ಆಡಿಸಿದಳು. ಬೇಳೆಕಾಳಿನಷ್ಟು ಉಬ್ಬು, ಅದೇ ಗಾತ್ರ. ಟಾರ್ಚು ಹಿಡಿದು ಒಳಗೆ ನೋಡಿದಳು. ಹೆದರಿದವರು ಒಂದೇ ಮಗ್ಗುಲು ನೋಡುತ್ತಾರೆ. ಇಷ್ಟು ದಿನ ಅವಳು ಒಳಗೆ ಹಣಿಕಿಯೂ ಹಾಕಿರಲಿಲ್ಲ. ಸುತ್ತಿಗೆಯ ಅಂಚು ಬಿಟ್ಟ ಗೆರೆ ಎಡಕ್ಕೆ ವಾಲಿತ್ತು. ಅದರ ಸುತ್ತಮುತ್ತ ಇದ್ದ ಹಳೇ ಗೆರೆಗಳೂ ಹಾಗೇ ವಾಲಿದ್ದವು. ಬಲಗೈಯಲ್ಲಿ ಹೊಡೆಯುವ ಅವಳ ಗೆರೆಗಳು ಬಲಕ್ಕೆ ವಾಲುತ್ತವೆ, ಅಪ್ಪನವೂ ಬಲಕ್ಕೇ.

ಅಷ್ಟರಲ್ಲಿ ಗೋಡೆಯ ಆಚೆ ಮಂಚದ ಮೇಲಿಂದ ಹೊಳಬಸಪ್ಪನ ಧ್ವನಿ ಬಂತು. "ರೇಣೂ, ಹುಡುಗನ ಎಡಗೈ ಏಟು ಸುಧಾರಿಸೇದ ನೋಡು. ವಾರಾ ವಾರಾ ಕೇಳಾಕತ್ತೀನಿ. ಚಲೋ ಕಲಿಸಾಕತ್ತಿ."

ಅವರು ಕಲಿಕೆ ಎಂದುಕೊಂಡಿದ್ದರು! ರೇಣುಗೆ ಮೊದಲು ಬಂದದ್ದು ಅಳು. ಕೈ ತನ್ನದೇ, ಕೆಟ್ಟಿಲ್ಲ, ಇನ್ನೂ ಇದೆ. ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಸಿಟ್ಟು ಬಂತು, ಅದೂ ಎಂಥ ಸಿಟ್ಟು!

"ನಿಮಗ ಬುದ್ಧಿ ಅದ ಏನ್ರಿ? ನಿಮ್ಮ ಉಬ್ಬಿನ ಸಲುವಾಗಿ ನಾ ಜನ್ಮಪೂರ್ತಿ ಗದಗಿನಾಗ ಕುಂತು ಬ್ಯಾಳಿ ಆರಿಸ್ತಿದ್ದೆ! ಊಟ ಸೇರಲಿಲ್ಲ ನನಗ, ನಿದ್ದಿ ಬರಲಿಲ್ಲ. ಯಾಕ ಮಾಡಿದ್ರಿ?"

"ಗಾಡಿ ಮುಗಿದ್ರೆ ಸೂರತ್ತಿಗೆ ಹೋಗ್ಬೇಕಿತ್ತು."

"ಅದಕ್ಕ?"

"ಮುಗಿಯದಿದ್ರೆ ಇನ್ನೊಂದು ಗುರುವಾರ ಸಿಕ್ತದಲ್ಲ. ಅಷ್ಟೇ ಕಂಡದ್ದು ನನಗೆ. ನೀವು ನಿಮ್ಮ ಕೈಯನ್ನೇ ಅನುಮಾನ ಪಡ್ತೀರಿ ಅಂತ ಸತ್ಯವಾಗಿ ಹೊಳೀಲಿಲ್ಲ. ಸರಿಮಾಡ್ಲಿಕ್ಕೆ ಬೈಕೊಂಡು ಇನ್ನೊಂದು ವಾರ ತಗೊಳ್ತೀರಿ ಅಂತ ಎಣಿಸಿದೆ. ತಪ್ಪಾಯ್ತು."

"ಬಾಯಿ ಇರಲಿಲ್ಲೇನು ಹೇಳಾಕ?"

"ಬಾಯಿ ಇತ್ತು ಮಾರಾಯ್ತಿ. ಧೈರ್ಯ ಇರ್ಲಿಲ್ಲ. ನೀವಂದ್ರೆ ನನಗೆ ಜೀವ. ನೀವು ಬೈಯುವುದು ಕೇಳದಿದ್ರೆ ವಾರ ಹೋಗುದಿಲ್ಲ. ಈಗ ಹೇಳಿದೆ. ಗದಗಿಗೆ ಹೋಗುದಾದ್ರೆ ಹೋಗಿ, ಆದ್ರೆ ಕೈ ಕೆಟ್ಟಿದೆ ಅಂತ ಹೋಗ್ಬೇಡಿ."

ಇಂಥವನನ್ನು ಹೊಡೆಯುವುದೋ, ಅಪ್ಪಿಕೊಳ್ಳುವುದೋ? ಎರಡಕ್ಕೂ ಹಗಲು ಹೊತ್ತು, ಗೇಟು ಬೇರೆ ತೆರೆದಿತ್ತು.

"ಡಾಲಿ ತಗೋರಿ" ಎಂದಳು.

"ಯಾಕೆ?"

"ನಿಮ್ಮ ಪಾಪ ಯಾರು ತೆಗೀಬೇಕು? ಹಿಡೀರಿ."

ಅವನು ತಗಡಿನ ಆಚೆ ಕೂತ, ಅವಳು ಈಚೆ. ಸುತ್ತಿಗೆ ಬಿತ್ತು, ಡಾಲಿ ಬಂತು. ಉಬ್ಬುಗಳು ಒಂದೊಂದಾಗಿ ಕೂತವು.

"ನಿಮ್ಮ ಅಪ್ಪನಿಗ ಏನ್ ಹೇಳ್ತೀರಿ?" ಎಂದಳು ರೇಣು, ಬಡಿಯುತ್ತಲೇ.

"ಸೂರತ್ತಿಗೆ ಹೋಗುದಿಲ್ಲ ಅಂತ ಇವತ್ತೇ ಹೇಳ್ತೇನೆ. ಹಾರಾಡ್ತಾರೆ. ಹಾರಾಡ್ಲಿ. ಕಾತ್ರಜದ ಹೋಟೆಲಿಗೂ ಜನ ಬೇಕಲ್ಲ?"

"ಮತ್ತ ನಾ ಇದನ್ನ ಬಿಡೂದಿಲ್ಲ. ಸೊಸಿ ತಗಡು ಬಡಿತಾಳಂತ ನಿಮ್ಮ ಮಂದಿ ಮುಖ ಸಿಂಡರಿಸಿದ್ರ?"

"ಇಷ್ಟು ದಿನ ಈ ತಗಡಿನ ಹಿಂದೆ ಕೂತು ಡಾಲಿ ಹಿಡಿದವ ನಾನು. ಬಿಡಿ ಅಂತ ಹೇಳುವವನ ಹಾಗೆ ಕಾಣ್ತೇನಾ?"

"ಕಾಣೂದಿಲ್ಲರಿ, ತಗಡು ಅಡ್ಡ ಅದ" ಎಂದಳು ರೇಣು. ಮುಖ ಕಾಣದ ಧೈರ್ಯ ಅವಳಿಗೂ ಬಂದಿತ್ತು. "ನನಗೂ ನೀವಂದ್ರ ಜೀವ. ಮತ್ತೊಮ್ಮೆ ನನ್ನ ಕೆಲಸ ಕೆಡಿಸಿದ್ರ ಮಾತ್ರ ಇದೇ ಸುತ್ತಿಗಿ ತಲಿ ಮ್ಯಾಲೆ."

ಆಚೆ ಡಾಲಿ ಧೊಪ್ಪೆಂದು ಬಿದ್ದ ಸದ್ದು. "ಅಯ್ಯೋ ನನ್ನ ಕಾಲು!"

ಅದೇ ಹೊತ್ತಿಗೆ ಒಳಬಾಗಿಲಲ್ಲಿ ಪಾರವ್ವ ಕಾಣಿಸಿಕೊಂಡಳು. ಫೋನಿನ ರಿಸೀವರಿನ ಬಾಯಿಗೆ ಸೆರಗು ಮುಚ್ಚಿ ಹಿಡಿದಿದ್ದಳು. ವೈರು ಎಷ್ಟು ಬಂದೀತೋ ಅಷ್ಟೂ ಎಳೆದಿದ್ದಳು.

"ಗದಗಿನವರು ಲೈನಿನ ಮ್ಯಾಲೆ ಅದಾರ. ಏನ್ ಹೇಳ್ಲಿ?"

ರೇಣು ಮಡ್‌ಗಾರ್ಡಿನ ಮೇಲೆ ಅಂಗೈಯನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಎಳೆದಳು. ಎಲ್ಲಿಯೂ ತಡೆಯಲಿಲ್ಲ. ಗಾಡಿ ಮುಗಿದಿತ್ತು. ಕಾಲು ಹಿಡಿದುಕೊಂಡು ಎದ್ದು ನಿಂತ ಅಕ್ಷಯ ತಗಡಿನ ಮೇಲಿನಿಂದ ಅವಳನ್ನೇ ನೋಡುತ್ತಿದ್ದ. ಉಸಿರು ಆಡುತ್ತಿರಲಿಲ್ಲ ಪಾಪ.

"ಬ್ಯಾಡಂತ ಹೇಳವ್ವ" ಎಂದಳು ರೇಣು. "ಹುಡುಗಿ ಕೈ ಚಲೋ ಅದ, ಬಿಡೂದಿಲ್ಲ ಅಂತ ಹೇಳು."