ನಲವತ್ತೊಂದನೇ ಕಂಬದ ಮಣ್ಣು

ಮಂಗಳವಾರ ಬೆಳಿಗ್ಗೆ 10.15ಕ್ಕೆ ಗಡಿ ಹೊರಠಾಣೆಯ ಅಧಿಕಾರಿ ತಾವೇ ಪೊಲೀಸ್ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಬೇಲಿಯ ನಲವತ್ತೊಂದನೇ ಕಂಬದ ದೀಪ ಬದಲಿಸಲು ಹೋದ ಎಲೆಕ್ಟ್ರಿಷಿಯನ್, ಕಂಬದ ಬುಡದಲ್ಲಿ ತಂತಿಬಲೆ ಕತ್ತರಿಸಿರುವುದನ್ನು ಕಂಡಿದ್ದ. ಒಬ್ಬ ಮನುಷ್ಯ ತೆವಳಿ ದಾಟುವಷ್ಟು ಅಗಲ. ಕತ್ತರಿಸಿದವನು ಅದನ್ನು ಹಾಗೇ ಬಿಟ್ಟಿರಲಿಲ್ಲ. ತೆಳುವಾದ ತಾಮ್ರದ ತಂತಿಯಿಂದ, ಹರಿದ ಅಂಗಿಗೆ ಹೊಲಿಗೆ ಹಾಕಿದಂತೆ ಹೊಲಿದಿದ್ದ.

ಎಫ್‌ಐಆರ್ ಬರೆದವಳು ಹೆಡ್ ಕಾನ್‌ಸ್ಟೆಬಲ್. ಹದಿನೇಳು ವರ್ಷದ ನೌಕರಿಯಲ್ಲಿ ಎಷ್ಟೋ ಎಫ್‌ಐಆರ್ ಬರೆದ ಕೈ. ಇಂದು ಸಮಯದ ಕಾಲಂಗೆ ಬಂದಾಗ ಪೆನ್ನು ನಿಂತಿತು.

ಕಾರಣ ಸರ್ಕಾರದ ಹೊಸ ಆದೇಶ. ಕಳೆದ ವರ್ಷ ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದು ಏಳು ಮಂದಿ ಸತ್ತಿದ್ದರು. ಬಾಂಬು ಬೇಲಿಯ ಆಚೆಯಿಂದ ಬಂದಿತ್ತು. ಅಂದಿನಿಂದ, ಬೇಲಿ ಭೇದಿಸಿದ ಪ್ರಕರಣ ನಲವತ್ತೆಂಟು ಗಂಟೆಯೊಳಗೆ ಇತ್ಯರ್ಥವಾಗದಿದ್ದರೆ ಜನ ದಾಟುವ ಗೇಟನ್ನು ತೊಂಬತ್ತು ದಿನ ಮುಚ್ಚಬೇಕು. ಅಂದರೆ ಗುರುವಾರ 10.15ರವರೆಗೆ ಗಡುವು. ಅದೇ ಗುರುವಾರ ಹನ್ನೊಂದಕ್ಕೆ, ಆಚೆಯ ಆಸ್ಪತ್ರೆಯಲ್ಲಿ ಹೆಡ್ ಕಾನ್‌ಸ್ಟೆಬಲ್‌ಳ ಅಮ್ಮನಿಗೆ ಡಯಾಲಿಸಿಸ್. ಗೇಟು ದಾಟಿದರೆ ನಾಲ್ಕು ಕಿಲೋಮೀಟರ್. ಈಚೆಯ ಡಯಾಲಿಸಿಸ್ ಯಂತ್ರಕ್ಕೆ ಬಸ್ಸಿನಲ್ಲಿ ಆರು ಗಂಟೆ, ಅಲ್ಲಿ ಹೆಸರು ಬರೆಸಿದರೆ ಐದು ತಿಂಗಳ ಸರದಿ.

ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡರು.

"ಅಮ್ಮಂದು ಯಾವತ್ತು?"

"ಗುರುವಾರ, ಸರ್."

"ಹಾಗಿದ್ರೆ ಆ ಕಾಲಂ ನೋಡ್ತಾ ಯಾಕ್ರೀ ಕೂತಿದೀರಿ? ಬರ್ದು ಜೀಪು ಹತ್ತಿ."

11.05ಕ್ಕೆ ಸ್ಥಳಕ್ಕೆ ಬಂದರು. ಬೇಲಿಯುದ್ದಕ್ಕೂ ನಾಲ್ಕು ಮೀಟರ್ ಅಗಲದ ಮೆದು ಮಣ್ಣಿನ ಪಟ್ಟಿ. ಪ್ರತಿ ಸಂಜೆ ಐದಕ್ಕೆ ಅದರ ಮೇಲೆ ಕಬ್ಬಿಣದ ಹಲ್ಲುಗಳ ಹಲುಬೆ ಎಳೆದು ಗೆರೆ ಮೂಡಿಸುತ್ತಾರೆ. ಬೆಳಿಗ್ಗೆ ಆರಕ್ಕೆ ಹೆಜ್ಜೆ ಓದುವವನು ಬಂದು, ಯಾವ ಕಂಬದ ನಡುವೆ ಏನು ದಾಟಿದೆ ಎಂದು ದಾಖಲೆ ಪುಸ್ತಕದಲ್ಲಿ ಬರೆಯುತ್ತಾನೆ. ನಲವತ್ತನೇ ಕಂಬದಲ್ಲಿ ಕ್ಯಾಮೆರಾವೂ ಇತ್ತು. ಸಂಜೆ ಬಿಸಿಲು ಅದರ ಕಣ್ಣಿಗೇ ಹೊಡೆಯುತ್ತಿತ್ತು. ಬೆಳಗಿನ ಮಂಜಿನಲ್ಲಿ ಎಮ್ಮೆಯೂ ಮನುಷ್ಯನೂ ಅದಕ್ಕೆ ಒಂದೇ.

ಇನ್ಸ್‌ಪೆಕ್ಟರ್ ಪಟ್ಟಿಯ ಮೇಲೆ ಕಾಲಿಡಲು ಹೋದರು.

"ಸಾರ್ ಸಾರ್, ತುಳೀಬೇಡಿ! ಹಲಗೆ ಹಾಕ್ತೀನಿ."

ಓಡಿ ಬಂದವನು ಹಲುಬೆ ಎಳೆಯುವವನು. ತಲೆಯಲ್ಲಿ ಒಂದು ಕೂದಲೂ ಇಲ್ಲದ ಅವನನ್ನು ಹೊರಠಾಣೆಯವರೆಲ್ಲ ಬಾಚಣಿಗೆ ಎಂದು ಕರೆಯುತ್ತಿದ್ದರು. ಅವನು ಹಲಗೆ ಹಾಸಿದ. ಪಂಚರ ಎದುರು ಪಂಚನಾಮೆ ನಡೆಯಿತು. ತಾಮ್ರದ ತಂತಿಯ ಒಂದು ತುಂಡನ್ನು ಕತ್ತರಿಸಿ ಲಕೋಟೆಯಲ್ಲಿ ಹಾಕಿ ಸೀಲು ಮಾಡಿದರು.

ಹೆಜ್ಜೆ ಓದುವ ಮುದುಕ ಒಂದು ಕಲ್ಲಿನ ಮೇಲೆ ಕೂತಿದ್ದ. ಎಲ್ಲರಿಗೂ ಹೆಜ್ಜೆಯಜ್ಜ.

"ಈ ಕಡೆಯಿಂದ ಯಾರಾದ್ರೂ ದಾಟಿದ್ದು ಯಾವತ್ತಾದ್ರೂ ಕಂಡಿತ್ತಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ."

"ತಂತಿ ಕತ್ತರಿಸಿದೆ."

"ಕತ್ತರಿಸಿರಬಹುದು. ದಾಟಿಲ್ಲ. ದಾಟಿದ್ರೆ ನಂಗೆ ಕಾಣ್ತಿತ್ತು. ಇರುವೆ ಕುಂಟ್ತಾ ಹೋದ್ರೂ ಹೇಳ್ತೀನಿ."

ಮಧ್ಯಾಹ್ನವೆಲ್ಲ ವಿಚಾರಣೆ. ಕ್ಯಾಮೆರಾ ಕೋಣೆಯವನಿಗೆ ಏನೂ ಗೊತ್ತಿಲ್ಲ. ಹಿಂದೆ ಸಿಗರೇಟು ಸಾಗಿಸಿ ಸಿಕ್ಕಿಬಿದ್ದಿದ್ದ ಅಣ್ಣತಮ್ಮಂದಿರು ಇಬ್ಬರೂ ಎರಡು ತಿಂಗಳಿಂದ ಜೈಲಿನಲ್ಲಿದ್ದರು. ಎಲೆಕ್ಟ್ರಿಷಿಯನ್‌ನ ಚೀಲದಲ್ಲಿ ತಾಮ್ರದ ತಂತಿ ಇತ್ತು, ಆದರೆ ಅದು ದಪ್ಪ. ಸಂಜೆ ಆರಕ್ಕೆ ಹೊರಠಾಣೆಯಿಂದ ಫೋನ್ ಬಂತು: ಗೇಟಿಗೆ ಹಾಕುವ ಸರಪಳಿ ಬಂದಿದೆ, ಎಲ್ಲಿ ಇಳಿಸೋಣ?

ಮನೆಯಲ್ಲಿ ಅಮ್ಮ ಊದಿಕೊಂಡ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದಳು.

"ಗೇಟು ಮುಚ್ತಾರಂತೆ ಹೌದೇನೇ? ಪಕ್ಕದ ಮನೆಯವಳು ಬಂದು ಹೇಳಿದ್ಲು. ನನಗಿಂತ ಅವಳೇ ಜಾಸ್ತಿ ಅತ್ತಳು."

"ಮುಚ್ಚಲ್ಲ ಅಮ್ಮ. ಕಾಲು ನೋವಾ?"

"ಕಾಲಾ ಇದು? ಕಂಬ. ನೀನು ಊಟ ಮಾಡು. ಕಳ್ಳ ಎಲ್ಲಿಗೂ ಹೋಗಲ್ಲ."

ಹೆಡ್ ಕಾನ್‌ಸ್ಟೆಬಲ್ ಅಮ್ಮನ ಪಾದದ ಮೇಲೆ ಬೆರಳೊತ್ತಿ ನೋಡಿದಳು. ಕುಳಿ ಬಿತ್ತು. ಅದು ಮತ್ತೆ ತುಂಬಿಕೊಳ್ಳುವವರೆಗೆ ಎಣಿಸಿದಳು. ನಿನ್ನೆಗಿಂತ ಹೆಚ್ಚು ಹೊತ್ತು ಹಿಡಿಯಿತು.

ಬುಧವಾರ ಬೆಳಿಗ್ಗೆ 8.30ಕ್ಕೆ ಆಕೆ ಹೊರಠಾಣೆಯಲ್ಲಿ ಹೆಜ್ಜೆಯಜ್ಜನ ದಾಖಲೆ ಪುಸ್ತಕ ತೆರೆದು ಕೂತಳು. ಆರು ತಿಂಗಳ ಪುಟಗಳು. ಮನುಷ್ಯನ ಹೆಜ್ಜೆ ಹುಡುಕುತ್ತ ಹೋದಳು, ಒಂದೂ ಇರಲಿಲ್ಲ. ಉಳಿದದ್ದೆಲ್ಲ ಇತ್ತು. 'ಕಂಬ 40–41: ನಾಯಿ ಎರಡು. 42–43: ಮುಂಗುಸಿ. 43–44: ಮೊಲ, ಗಾಳಿಗೆ ಬಿದ್ದ ರೆಂಬೆ.' ಹತ್ತು ಗಂಟೆಯ ಹೊತ್ತಿಗೆ ಅಕ್ಷರಗಳು ಕಲಸಿಹೋಗತೊಡಗಿದವು. ಇನ್ನು ಇಪ್ಪತ್ತನಾಲ್ಕು ಗಂಟೆ. ಪುಸ್ತಕ ಮುಚ್ಚಬೇಕೆಂದುಕೊಂಡು ಮತ್ತೊಮ್ಮೆ ತಿರುವಿ ಹಾಕುವಾಗ ಒಂದು ಸಾಲಿನ ಮೇಲೆ ಬೆರಳು ನಿಂತಿತು.

'ಕಂಬ 41–42: ಏನೂ ಇಲ್ಲ.'

ಆ ದಿನ ಭಾನುವಾರ. ಹಿಂದಿನ ಭಾನುವಾರ ತೆಗೆದಳು. 41–42: ಏನೂ ಇಲ್ಲ. ಅದರ ಹಿಂದಿನದೂ ಹಾಗೇ. ಹನ್ನೊಂದು ಭಾನುವಾರ. ಬೇರೆ ದಿನಗಳಲ್ಲಿ ಅದೇ ಜಾಗದಲ್ಲಿ ನಾಯಿ, ಮೊಲ, ಹಲ್ಲಿ, ಏನಾದರೊಂದು ಇದ್ದೇ ಇತ್ತು.

ಪುಸ್ತಕ ಎತ್ತಿಕೊಂಡು ಅಜ್ಜನ ಬಳಿಗೆ ಹೋದಳು.

"ಅಜ್ಜಾ, ಭಾನುವಾರ ನಾಯಿಗಳಿಗೆ ರಜೆನಾ?"

ಅಜ್ಜ ನಕ್ಕ. ಆಕೆ ಪುಟ ತೋರಿಸಿದಳು. ಒಂದು, ಎರಡು, ಮೂರು. ಮುದುಕನ ಮುಖದ ನಗು ಹಾಗೇ ಉಳಿದು, ಕಣ್ಣಿನಲ್ಲಿ ಮಾತ್ರ ಆರಿತು.

"ಬೆಳಿಗ್ಗೆ ಯಾರೋ ಮತ್ತೆ ಬಾಚಿದ್ದಾರೆ. ನಾನು ಬರೋಕೆ ಮುಂಚೆ," ಎಂದ. "ಹೆಜ್ಜೆ ಇದ್ರೆ ಓದ್ತೀನಿ ಮಗಳೇ. ಇಲ್ಲದ್ದನ್ನ ಓದೋಕೆ ನಂಗ್ಯಾರೂ ಕಲಿಸ್ಲಿಲ್ಲ."

"ಬೇರೆ ಹಲುಬೆಯಿಂದ ಬಾಚಿರಬಹುದಾ?"

"ಬೇರೆದಾಗಿದ್ರೆ ಗೆರೆಯ ಅಂತರ ಬೇರೆ ಇರ್ತಿತ್ತು. ಅದನ್ನ ಬಿಡ್ತಿರ್ಲಿಲ್ಲ ನಾನು. ಇದೇ ಹಲುಬೆ." ಅಜ್ಜ ಪುಸ್ತಕ ಹಿಂದಕ್ಕೆ ಕೊಟ್ಟ. ಯಾರ ಹೆಸರನ್ನೂ ಹೇಳಲಿಲ್ಲ. ಹಲುಬೆಯ ಶೆಡ್ಡಿಗೆ ಇದ್ದದ್ದು ಒಂದೇ ಬೀಗದ ಕೈ.

11.20ಕ್ಕೆ ಪಂಚರೊಂದಿಗೆ ಶೆಡ್ ತೆರೆಸಿದರು. ಹಲುಬೆ ಗೋಡೆಗೆ ಒರಗಿತ್ತು, ಮಣ್ಣಿನ ಒಂದು ಕಣವೂ ಅಂಟದಂತೆ ಒರೆಸಿತ್ತು. ಸಡಿಲಗೊಂಡ ಎರಡು ಹಲ್ಲುಗಳನ್ನು ತೆಳುವಾದ ತಾಮ್ರದ ತಂತಿಯಿಂದ ಬಿಗಿದಿತ್ತು. ಇನ್ಸ್‌ಪೆಕ್ಟರ್ ಲಕೋಟೆಯ ತುಂಡನ್ನು ಪಕ್ಕದಲ್ಲಿ ಹಿಡಿದರು. ಒಂದೇ ದಪ್ಪ, ಒಂದೇ ಬಗೆಯ ಗಂಟು.

ಬಾಚಣಿಗೆ ಬಾಗಿಲಲ್ಲೇ ನಿಂತಿದ್ದ.

"ಯಾವಾಗಿನಿಂದ?" ಇನ್ಸ್‌ಪೆಕ್ಟರ್ ಕೇಳಿದರು.

"ಹನ್ನೊಂದು ವಾರ, ಸಾರ್. ಶನಿವಾರ ಸಂಜೆ ಹೋಗ್ತೀನಿ, ಬೆಳಕು ಹರಿಯೋ ಮುಂಚೆ ಬರ್ತೀನಿ."

"ಏನ್ ಸಾಗಿಸ್ತಿದ್ದೆ?"

"ಏನಿಲ್ಲ ಸಾರ್."

"ಜೇಬು ತೆಗಿ."

ಜೇಬಿನಲ್ಲಿ ಶೆಡ್ಡಿನ ಬೀಗದ ಕೈ, ಕರವಸ್ತ್ರ, ಒಂದು ನೇಲ್ ಕಟರ್. ಮೂರನ್ನೂ ಜಪ್ತಿ ಪಟ್ಟಿಗೆ ಸೇರಿಸಿದರು.

"ನಿನ್ನ ಹೆಜ್ಜೆ ಅಳಿಸೋಕೆ ನಾಲ್ಕು ಮೀಟರ್ ಸಾಕಿತ್ತಲ್ಲ," ಹೆಡ್ ಕಾನ್‌ಸ್ಟೆಬಲ್ ಕೇಳಿದಳು. "ಕಂಬದಿಂದ ಕಂಬದವರೆಗೆ ಇಡೀ ಜಾಗ ಯಾಕೆ ಬಾಚಿದೆ?"

ಅವನು ಅರ್ಥವಾಗದವನಂತೆ ಆಕೆಯನ್ನು ನೋಡಿದ. "ಅರ್ಧ ಬಾಚಿ ಬಿಡೋಕಾಗುತ್ತಾ ಅಕ್ಕಾ?"

ಠಾಣೆಯಲ್ಲಿ 12.40ಕ್ಕೆ ಬಂಧನ ದಾಖಲಾಯಿತು. ಹೇಳಿಕೆ ಕೊಡುವಾಗ ಅವನು ಅವಸರಪಡಲಿಲ್ಲ. ಹೆಂಡತಿ ಆಚೆಯವಳು. ಪಾರ್ಶ್ವವಾಯು ಬಡಿದು ಆಸ್ಪತ್ರೆಯಲ್ಲಿದ್ದಾಗ ವಾಸದ ಪರವಾನಗಿಯ ಅವಧಿ ಮುಗಿಯಿತು. ನವೀಕರಣಕ್ಕೆ ಖುದ್ದಾಗಿ ಬಂದು ಬೆರಳೊತ್ತಬೇಕು. ಒಂಬತ್ತು ದಿನ ತಡವಾಯಿತು. ಸ್ಟ್ರೆಚರ್ ಮೇಲೆಯೇ ಆಚೆಗೆ ಕಳಿಸಿದರು. ಈಗ ಅಣ್ಣನ ಮನೆಯಲ್ಲಿದ್ದಾಳೆ.

"ಎಡಗೈ ಮುಷ್ಟಿ ಬಿಗಿದೇ ಇರುತ್ತೆ, ಸಾರ್. ಉಗುರು ಬೆಳೆದ್ರೆ ಅಂಗೈಗೆ ಚುಚ್ಚುತ್ತೆ, ಕೀವಾಗುತ್ತೆ. ಅವಳ ಅತ್ತಿಗೆ ಊಟ ಹಾಕ್ತಾರೆ, ಮೈ ತೊಳೀತಾರೆ, ಒಳ್ಳೆಯವರು. ಆದ್ರೆ ಮುಷ್ಟಿ ಮುಟ್ಟಿದ್ರೆ ಕಿರುಚ್ತಾಳೆ. ನಾನು ಹೋದ್ರೆ ಬಿಡಿಸ್ತಾಳೆ."

"ಗೇಟಿನ ಪಾಸಿಗೆ ಅರ್ಜಿ ಹಾಕ್ಬೇಕಿತ್ತು."

"ನಾಲ್ಕು ಸಲ ಹಾಕ್ದೆ. ಬೇಲಿ ಕೆಲಸದವರಿಗೆ ಪಾಸಿಲ್ಲ, ಸಾರ್."

ಇನ್ಸ್‌ಪೆಕ್ಟರ್ ಕಡತ ತರಿಸಿದರು. ನಾಲ್ಕು ಅರ್ಜಿಗಳೂ ಇದ್ದವು. ಪ್ರತಿಯೊಂದರ ಕೆಳಗೂ ಒಂದೇ ಷರಾ: 'ಅರ್ಜಿದಾರ ಬೇಲಿ ನಿರ್ವಹಣಾ ಸಿಬ್ಬಂದಿ. ನಿಯಮದಂತೆ ಶಿಫಾರಸು ಮಾಡಲಾಗದು.' ಕೆಳಗೆ ಹೆಡ್ ಕಾನ್‌ಸ್ಟೆಬಲ್‌ಳ ಸಹಿ. ದಿನಕ್ಕೆ ಮೂವತ್ತು ಅರ್ಜಿ ಬರುತ್ತಿದ್ದವು. ಬರೆದ ನೆನಪು ಆಕೆಗಿರಲಿಲ್ಲ.

"ನಿಮ್ಮ ತಪ್ಪಲ್ಲ ಅಕ್ಕಾ," ಎಂದ ಬಾಚಣಿಗೆ. "ಅದು ನಿಯಮ."

ಆಕೆ ಹೇಳಿಕೆಯ ಹಾಳೆಯನ್ನು ಸಹಿಗೆ ಅವನ ಮುಂದೆ ಸರಿಸಿದಳು.

ಅಷ್ಟಕ್ಕೆ ಪ್ರಕರಣ ಮುಗಿಯಲಿಲ್ಲ. "ಅವನು ಹೇಳಿದ್ದು ನಿಜ ಅಂತ ನಂಬೋಕೆ ನಂಗೂ ಆಸೆ ಇದೆ," ಎಂದರು ಇನ್ಸ್‌ಪೆಕ್ಟರ್. "ಬಸ್ ಸ್ಟ್ಯಾಂಡಲ್ಲಿ ಬಾಂಬಿಟ್ಟವನೂ ಮೆತ್ತಗೇ ಮಾತಾಡ್ತಿದ್ದ. ಆಚೆ ಪೊಲೀಸರು ಆ ಮನೆ ನೋಡಿ ಹೇಳ್ಲಿ." 2.10ಕ್ಕೆ ಆಚೆಗೆ ಸಂದೇಶ ಹೋಯಿತು. ಮೂರಾಯಿತು. ನಾಲ್ಕಾಯಿತು. ಹೆಡ್ ಕಾನ್‌ಸ್ಟೆಬಲ್ ಎರಡು ಸಲ ಫೋನೆತ್ತಿ, ಲೈನಿದೆಯೇ ಎಂದು ಕೇಳಿಸಿಕೊಂಡು ಇಟ್ಟಳು. 5.25ಕ್ಕೆ ಫ್ಯಾಕ್ಸ್ ಬಂತು. ವಿಳಾಸ ಸರಿ. ಮಹಿಳೆ ಹಾಸಿಗೆ ಹಿಡಿದಿದ್ದಾಳೆ. ಮನೆ ಶೋಧಿಸಲಾಯಿತು, ಆಕ್ಷೇಪಾರ್ಹ ವಸ್ತು ಇಲ್ಲ.

ಕೇಸ್ ಡೈರಿಯನ್ನು ಇನ್ಸ್‌ಪೆಕ್ಟರ್ ಹೇಳುತ್ತ ಹೋದರು, ಆಕೆ ಬರೆಯುತ್ತ ಹೋದಳು. 'ಕೃತ್ಯದ ಉದ್ದೇಶ' ಎಂಬಲ್ಲಿ ಅವರು ಫ್ಯಾಕ್ಸನ್ನು ಮತ್ತೊಮ್ಮೆ ಓದಿದರು.

"ಪತ್ನಿಯ ಭೇಟಿ ಅಂತ ಬರೀರಿ."

ಬರೆದಳು.

ಗುರುವಾರ 10.15ಕ್ಕೆ ಗೇಟು ತೆರೆದೇ ಇತ್ತು. ಸರದಿಯಲ್ಲಿ ಅಮ್ಮ ಗಾಜಿನ ಮೇಲೆ ಬೆರಳೊತ್ತಿದಳು. ಹಸಿರು ದೀಪ ಹೊತ್ತಿತು.

"ನೋಡಿದ್ಯಾ, ನಾನು ಹೇಳ್ಲಿಲ್ವಾ? ಎಲ್ಲಿಗೂ ಹೋಗಿರ್ಲಿಲ್ಲ ನಿನ್ನ ಕಳ್ಳ," ಎಂದು ನಗುತ್ತ ಅಮ್ಮ ಆಚೆಗೆ ದಾಟಿದಳು. ಬಾಚಣಿಗೆ ಆ ಹೊತ್ತಿಗೆ ನ್ಯಾಯಾಂಗ ಬಂಧನದಲ್ಲಿದ್ದ.

ಭಾನುವಾರ ಬೆಳಿಗ್ಗೆ 6.40ಕ್ಕೆ, ಆರೋಪಪಟ್ಟಿಗೆ ಲಗತ್ತಿಸಲು ದಾಖಲೆ ಪುಸ್ತಕದ ನಕಲು ಬೇಕೆಂದು ಹೆಡ್ ಕಾನ್‌ಸ್ಟೆಬಲ್ ಬೇಲಿಯ ಬಳಿಗೆ ಹೋದಳು. ಹೊಸಬನೊಬ್ಬ ಹಲುಬೆ ಎಳೆದಿದ್ದ, ಗೆರೆಗಳು ಸೊಟ್ಟಗಿದ್ದವು. ಹೆಜ್ಜೆಯಜ್ಜ ಪುಸ್ತಕ ಕೊಟ್ಟ. ಅಂದಿನ ಪುಟದಲ್ಲಿ ಶಾಯಿ ಇನ್ನೂ ಹಸಿಯಾಗಿತ್ತು.

'ಕಂಬ 41–42: ನಾಯಿ, ಒಂದು. ಬೇಲಿಯವರೆಗೆ ಬಂದು ಹಿಂದಿರುಗಿದೆ.'

ಆಕೆ ಓದಿದಳು. ಪುಸ್ತಕ ಹಿಡಿಯದ ತನ್ನ ಎಡಗೈಯ ಬೆರಳುಗಳು ಅಂಗೈಯೊಳಗೆ ಬಿಗಿದಿದ್ದದ್ದು ಆಗ ಗಮನಕ್ಕೆ ಬಂತು. ಒಂದೊಂದಾಗಿ ಬಿಡಿಸಿದಳು.