ಹೊಳೆಯಿಂದ ಎಳೆದ ಮೋಟಾರು

ಕಳೆದ ಮಳೆಗಾಲದಲ್ಲಿ ಭೀಮಾ ಹೊಳೆಯ ಮಹಾಪೂರಕ್ಕೆ ಸಿಕ್ಕಿದ್ದ ಜಾಗೀರದಾರರ ಮೋಟಾರು ಕಾರನ್ನು ಯಾದಗಿರಿಯಲ್ಲಿ ಅಗ್ಗಕ್ಕೆ ಕೊಂಡವನು ನಾನೇ. ಯಾರ ಮಾತನ್ನೂ ಕೇಳಲಿಲ್ಲ. ಅದನ್ನು ದಡಕ್ಕೆ ಎಳೆದಿದ್ದ ಅಂಬಿಗರ ಅಂಬಣ್ಣ, "ಬ್ಯಾಡ್ರಿ ಸಾವ್ಕಾರ್ರ, ಇದರ ಡ್ರೈವರ್ ಇನ್ನೂ ಸಿಕ್ಕಿಲ್ರಿ" ಎಂದ.

"ಎಂಜಿನ್ ಚಲೋ ಐತಿ, ಸಾಕು" ಎಂದೆ.

ಬೇಸಿಗೆ ಬಂತು. ಶಹಾಪುರದ ರಸ್ತೆಯ ಧೂಳು ಕಾದ ಬೂದಿಯಂತಿದ್ದ ಮಧ್ಯಾಹ್ನದಲ್ಲೂ ಮೋಟಾರಿನಲ್ಲಿ ಕೂತರೆ ನನ್ನ ಪಾದಗಳು ತಣ್ಣಗಾಗುತ್ತಿದ್ದವು. ಮುಟ್ಟಿ ನೋಡಿದರೆ ಎಲ್ಲ ಒಣಗಿಯೇ ಇರುತ್ತಿತ್ತು.

ಒಂದು ದಿನ ಬಟ್ಟೆ ಒಗೆಯುತ್ತಿದ್ದ ಹೆಂಡತಿ ಮಲ್ಲಿಕಮ್ಮ ಕೇಳಿದಳು: "ಯಾವ ಹೊಳಿಗಿ ಇಳದಿದ್ರಿ? ಧೋತರಕ್ಕ ಮೊಣಕಾಲತನ ರಾಡಿ ಐತಿ."

ಮುಂದಿನ ವಾರ ರಾಡಿ ಸೊಂಟಕ್ಕೆ ಬಂತು. ಆಮೇಲೆ ಅಂಗಿಯ ಎದೆಗೆ. ನಿಂತ ನೀರು ಬಿಟ್ಟುಹೋದ ಹಾಗೆ ಸುತ್ತಲೂ ಒಂದೇ ಮಟ್ಟದ ಗೆರೆ. ಮೋಟಾರನ್ನು ದೋರನಹಳ್ಳಿಯ ಹೊಲದ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಬೀಗ ಹಾಕಿ ಬಂದೆ.

ಹದಿನೈದು ದಿನವಾಯಿತು, ಅದರ ಹತ್ತಿರ ಹೋಗಿಲ್ಲ. ಎಲ್ಲಿಗಾದರೂ ನಡೆದೇ ಹೋಗುತ್ತೇನೆ. ಇವತ್ತು ಮುಂಜಾನೆ ಮಲ್ಲಿಕಮ್ಮ ನನ್ನ ನಿನ್ನೆಯ ಅಂಗಿಯನ್ನು ತಂದು ನನ್ನ ಮುಂದೆ ಹಿಡಿದಳು.

ಗೆರೆ ಕೊರಳಪಟ್ಟಿಗೆ ಬಂದಿತ್ತು.